ಪಾದ ತೊಳೆದ ನೀರು

ಇಂಡಿ ಪಟ್ಟಣದಲ್ಲಿ ನನ್ನದೊಂದು ಅಂಗಡಿ ಇದೆ. ಸುಟ್ಟ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತೇನೆ. ಬೇಸಿಗೆ ಬಂತೆಂದರೆ ಹೊರ್ತಿಯ ಕಡೆಯಿಂದ ನಿಂಬೆ ತೋಟದವರು ಟಂಟಂ ಗಾಡಿಯಲ್ಲಿ ಮೋಟಾರು ಹೇರಿಕೊಂಡು ಬಂದು, ಇವತ್ತೇ ಬೇಕು, ಈಗಲೇ ಬೇಕು ಎಂದು ನನ್ನ ತಲೆ ತಿನ್ನುತ್ತಾರೆ. ನಾನೂ ಸುಮ್ಮನೆ ತಿನ್ನಿಸಿಕೊಳ್ಳುವವನಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಇಂಡಿಯ ಬಜಾರಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಈಗ ಅದೂ ಗೊತ್ತಾಗಿದೆ. ಪೇಪರಿನವರು ನನ್ನ ಹೆಸರು ಹಾಕಲಿಲ್ಲ. ಆದರೆ ಹೆಸರು ಬಿಟ್ಟು ಉಳಿದದ್ದೆಲ್ಲ ಹಾಕಿದರೆ ಜನಕ್ಕೆ ಹೆಸರು ಕಂಡುಹಿಡಿಯುವುದು ಎಷ್ಟರ ಕೆಲಸ.

ಜನ ನನ್ನಲ್ಲಿ ಇನ್ನೊಂದು ವಿಚಿತ್ರ ಕಂಡಿದ್ದರು. ಯಾರು ನೀರು ಕೈಗೆ ಕೊಟ್ಟರೂ ನಾನು ಕುಡಿಯುವುದಿಲ್ಲ. ಎಲ್ಲಿಗೆ ಹೋದರೂ ನನ್ನ ಬಾಟಲಿ ನನ್ನ ಬಗಲಲ್ಲಿರುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ತಂಬಿಗೆ ಹಿಡಿದು ನಿಂತರೆ ನಾನು ಮುಖ ತಿರುಗಿಸುತ್ತಿದ್ದೆ. ತನ್ನ ಮೇಲೆ ಇವನಿಗೆ ಮನಸ್ಸಿಲ್ಲ ಎಂದು ಅವಳು ಬಹಳ ದಿನ ಅತ್ತಳಂತೆ. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ನೀರು ತುಂಬಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು, ನಾನು ತೆಗೆದುಕೊಂಡು ಕುಡಿಯುತ್ತಿದ್ದೆ. ನಮ್ಮ ಸಂಸಾರ ಹೀಗೆ ನಡೆದಿದೆ, ಚೆನ್ನಾಗಿಯೇ ನಡೆದಿದೆ.

ನನ್ನ ಹುಟ್ಟೂರಿಗೆ ಹೂವಿನ ಹಿಪ್ಪರಗಿ ದಾಟಿ ಒಳಗೆ ಹೋಗಬೇಕು. ನಾಲ್ಕನೆಯ ಇಯತ್ತೆ ಮುಗಿಸಿದಾಗ ನನ್ನನ್ನು ಒಂದು ಮಠದ ಹಾಸ್ಟೆಲ್ಲಿಗೆ ಹಾಕಿದರು. ಯಾವ ಮಠ ಎಂದು ಬರೆಯುವುದಿಲ್ಲ. ಬರೆದರೆ ನೀವೆಲ್ಲ ಸದ್ಯ, ನಮ್ಮ ಮಠ ಅಲ್ಲ ಎಂದು ಆರಾಮಾಗಿ ಕೂತುಬಿಡುತ್ತೀರಿ. ಅಲ್ಲಿ ಊಟ ಪುಕ್ಕಟೆ, ಬಟ್ಟೆ ಪುಕ್ಕಟೆ, ಮೇಲೆ ಸಂಸ್ಕಾರ ಬೇರೆ. ಮಗ ಮಠದಲ್ಲಿ ಓದುತ್ತಾನೆ ಎಂದರೆ ಅಪ್ಪನಿಗೆ ಊರಲ್ಲಿ ಒಂದು ತೂಕ. ಹೋಗುವ ದಿನ ನನಗೂ ಹಿಗ್ಗಾಗಿತ್ತು, ಸುಳ್ಳು ಯಾಕೆ ಹೇಳಲಿ. ಹೊಸ ಟ್ರಂಕು ಕೊಡಿಸಿದ್ದರು.

ಮಠದ ಸ್ವಾಮಿಗೆ ಆಗ ಮೂವತ್ತು ದಾಟಿರಲಿಲ್ಲ. ಆದರೂ ಎಲ್ಲರಿಗೂ ಅವರು ಅಜ್ಜಾರು. ನಮ್ಮ ಕಡೆ ಪೀಠ ಏರಿದವರಿಗೆ ಹಾಗೇ ಅನ್ನುತ್ತಾರೆ, ಎಪ್ಪತ್ತು ವರ್ಷದ ಮುದುಕ ಮೂವತ್ತರವನ ಕಾಲಿಗೆ ಬಿದ್ದು ಅಜ್ಜಾರ ಎನ್ನುತ್ತಾನೆ. ಆ ಅಜ್ಜಾರಿಗೆ ಓದು ಬರುತ್ತಿತ್ತು, ಹಾಡು ಬರುತ್ತಿತ್ತು, ಪ್ರವಚನ ಹೇಳಿದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಹುಡುಗರಲ್ಲಿ ಒಬ್ಬೊಬ್ಬನನ್ನು ಸೇವೆಗೆ ಎಂದು ತಮ್ಮ ಕೋಣೆಗೆ ಕರೆಯುತ್ತಿದ್ದರು. ಕರೆಸಿಕೊಂಡವನು ಪುಣ್ಯವಂತ ಎಂದು ಅಡಿಗೆಯವರು ಹೇಳುತ್ತಿದ್ದರು.

ಅಲ್ಲಿ ಏನಾಯಿತು ಎಂದು ಬರೆಯುವುದಿಲ್ಲ. ಕೋರ್ಟಿನಲ್ಲಿ ಹೇಳಿದ್ದೇನೆ. ಹೇಳಬೇಕಾದ ಜಾಗ ಅದು, ಅಲ್ಲಿ ಒಂದಕ್ಷರ ಬಿಡದೆ ಹೇಳಿದ್ದೇನೆ. ಓದುವವರಿಗೆ ಅದು ಬೇಕಿಲ್ಲ, ಬೇಕು ಅನ್ನುವವರಿಗೆ ನಾನು ಕೊಡುವುದೂ ಇಲ್ಲ.

ದಸರಾ ಸೂಟಿಗೆ ಮನೆಗೆ ಬಂದಾಗ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನನಗೆ ಬಂದ ಮಾತುಗಳಲ್ಲಿ ಹೇಳಿದೆ, ಹನ್ನೊಂದು ವರ್ಷದವನಿಗೆ ಎಷ್ಟು ಮಾತು ಬರುತ್ತವೆ. ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಎದ್ದರೂ ಅವಳು ತಿರುವಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಒಳಗೆ ಬಂದು ಮತ್ತೊಮ್ಮೆ ಹೇಳಿಸಿದ. ಹೊಡೆಯಲಿಲ್ಲ, ಬೈಯಲಿಲ್ಲ. ಎದ್ದು ಹೊರಗೆ ಹೋದ.

ಮರುದಿನ ಬೆಳಿಗ್ಗೆ ಅಪ್ಪ ಸೈಕಲ್ ಹತ್ತಿ ಮಠಕ್ಕೆ ಹೋದ. ಜಗಳಕ್ಕೆ ಹೋದ ಎಂದುಕೊಂಡೆ ನಾನು. ನಮ್ಮಪ್ಪ ಎತ್ತಿನ ಸಂತೆಯಲ್ಲಿ ದಲ್ಲಾಳಿಗಳ ಕೊರಳಪಟ್ಟಿ ಹಿಡಿದವನು. ಸಂಜೆ ತಿರುಗಿ ಬಂದಾಗ ಅವನ ಮುಖ ಗೆಲುವಾಗಿತ್ತು.

"ಅಜ್ಜಾರು ಕ್ಷಮಾ ಮಾಡ್ಯಾರ. ಸಣ್ಣ ಹುಡುಗ, ಏನೋ ಕನಸು ಕಂಡು ಅಂದಾನ, ಇರ್ಲಿ ಅಂದ್ರು. ತಾವಽ ನಮ್ಮ ಮನಿಗೆ ಬರ್ತಾರಂತ. ಪಾದಪೂಜಿ ಮಾಡೋಣು, ತಪ್ಪು ಕಾಣಿಕಿ ಒಪ್ಪಿಸೋಣು" ಎಂದ.

ತಿಳಿಯದವರಿಗೆ ಹೇಳುತ್ತೇನೆ. ಗುರುವಿಗೆ ತಪ್ಪಿ ನಡೆದವರು ಗುರುವನ್ನೇ ಮನೆಗೆ ಕರೆದು, ಕಾಲು ತೊಳೆದು, ಆ ನೀರು ಕುಡಿದು, ಕಾಣಿಕೆ ಇಟ್ಟು ಕಾಲಿಗೆ ಬೀಳುವುದು ನಮ್ಮಲ್ಲಿ ನಡೆದುಬಂದದ್ದು. ತಪ್ಪು ಮಾಡಿದವರು ನಾವು ಎಂದು ತೀರ್ಮಾನವಾಗಿತ್ತು. ಅಪ್ಪ ಬಸವನ ಬಾಗೇವಾಡಿಗೆ ಹೋಗಿ ಹೊಸ ಹಿತ್ತಾಳೆಯ ಪರಾತ ತಂದ. ಪರಾತವೆಂದರೆ ಅಗಲವಾದ, ಅಂಚು ಎತ್ತಿದ ತಾಟು. ರೊಟ್ಟಿ ಹಿಟ್ಟು ನಾದುವ ಹಳೆಯದು ಮನೆಯಲ್ಲಿತ್ತು, ಆದರೆ ಅಜ್ಜಾರ ಪಾದಕ್ಕೆ ಹಳೆಯದು ಆದೀತೇ.

ಆ ದಿನ ನಮ್ಮ ಮನೆಗೆ ಊರೇ ಬಂದಿತ್ತು. ಹೋಳಿಗೆ ಮಾಡಿಸಿದ್ದರು, ಮೇಲೆ ತುಪ್ಪ. ಅಜ್ಜಾರು ಕಂಬಳಿ ಹಾಸಿದ ಮಣೆಯ ಮೇಲೆ ಕೂತರು. ಊರ ಹಿರಿಯರೊಬ್ಬರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಈ ಮನಿ ಹುಡುಗ ಅಜ್ಜಾರ ಮ್ಯಾಲ ಆಡಬಾರದ ಮಾತ ಆಡಿದ್ದ. ಮನಿಯವರು ತಪ್ಪು ಒಪ್ಪಿಕೊಂಡಾರ. ಇವತ್ತಿಗೆ ಅದು ಮುಗೀತು."

ಅವ್ವ ತಂಬಿಗೆಯಿಂದ ನೀರು ಹೊಯ್ದಳು. ಅಪ್ಪ ನನ್ನ ಕೈ ಹಿಡಿದು ಆ ಪಾದಗಳನ್ನು ತಿಕ್ಕಿಸಿದ. ಎಲ್ಲರಿಗೂ ಉದ್ಧರಣೆಯಲ್ಲಿ ಒಂದೊಂದು ಹನಿ ತೀರ್ಥ. ನನಗೆ ಹಾಗಲ್ಲ, ಬಾಯಿ ಶುದ್ಧವಾಗಬೇಕಲ್ಲ, ಒಂದು ತುಂಬು ಲೋಟ. ಪರಾತದಿಂದ ಬಸಿದು ಆ ಲೋಟ ನನ್ನ ಕೈಗೆ ಕೊಟ್ಟವಳು ಅವ್ವ. ನಾನು ಅವಳ ಮುಖ ನೋಡಿದೆ. ಅವಳು ಲೋಟ ನೋಡುತ್ತಿದ್ದಳು. ನಾನು ಕುಡಿದೆ. ಅಜ್ಜಾರು ನನ್ನ ತಲೆಯ ಮೇಲೆ ಕೈ ಇಟ್ಟು ಶಾಣ್ಯಾ ಹುಡುಗ ಎಂದರು.

ಮಠದ ಕೋಣೆಯಲ್ಲಿ ಆದದ್ದು ಒಬ್ಬನಿಂದ ಆದದ್ದು. ನಮ್ಮ ಪಡಸಾಲೆಯಲ್ಲಿ ಆದದ್ದು ಎಲ್ಲರೂ ಸೇರಿ ಮಾಡಿದ್ದು. ನನ್ನ ಗಂಟಲಿಗೆ ಗಂಟು ಬಿದ್ದದ್ದು ಎರಡನೆಯದರಿಂದ. ಮುಂದೆ ಮನಸ್ಸಿನ ವೈದ್ಯರಿಗೂ ಇದನ್ನೇ ಹೇಳಿದೆ. ವಿಜಯಪುರದಲ್ಲಿ ಹೆಂಡತಿ ಕರೆದುಕೊಂಡು ಹೋಗಿ ತೋರಿಸಿದ ಮೊದಲನೆಯ ವೈದ್ಯರು ಎಲ್ಲ ಕೇಳಿ, "ಕ್ಷಮಿಸಿಬಿಡಿ, ಹಗುರಾಗ್ತೀರಿ" ಎಂದರು. ನನಗೆ ಎಂಥ ಸಿಟ್ಟು ಬಂತೆಂದರೆ, ಫೀ ಕೊಟ್ಟು ಬೈಸಿಕೊಂಡ ಹಾಗಾಯಿತು. ಕ್ಷಮಿಸುವ ಕೆಲಸವನ್ನೂ ನನಗೇ ಹಚ್ಚುತ್ತಾರಲ್ಲ. ಎರಡನೆಯವರು ಹೆಣ್ಣುಮಗಳು, ಅವರು ಏನೂ ಮಾಡಿ ಎನ್ನಲಿಲ್ಲ, ಕೇಳುತ್ತಿದ್ದರು. ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ.

ಸೂಟಿ ಮುಗಿಯಿತು. ಮತ್ತೆ ಮಠಕ್ಕೆ ಕಳಿಸುತ್ತಾರೆ ಎಂದು ನಾನು ಕಾಯುತ್ತಿದ್ದೆ. ಟ್ರಂಕು ಕಟ್ಟಿದವಳು ಅವ್ವ, ಬಸ್ಸಿಗೆ ಕರೆದುಕೊಂಡು ಹೋದವಳೂ ಅವಳೇ. ಆದರೆ ಬಸ್ಸು ಮಠವಿದ್ದ ಮುದ್ದೇಬಿಹಾಳದ ಕಡೆಯದಲ್ಲ, ಸಿಂದಗಿಯದು. ಸಿಂದಗಿಯಲ್ಲಿ ಅವಳ ತಮ್ಮನಿಗೆ ಮೋಟಾರು ಸುತ್ತುವ ಅಂಗಡಿ ಇತ್ತು. ನನ್ನನ್ನು ಅಲ್ಲಿ ಕೂಡಿಸಿ, ಮಾಮಾ ಹೇಳಿದಂಗ ಕೇಳು ಎಂದಷ್ಟೇ ಹೇಳಿ ಅದೇ ಬಸ್ಸಿಗೆ ತಿರುಗಿ ಹೋದಳು. ಸಾಲಿಯ ಮಾತೇ ಇಲ್ಲ. ಮನೆತನದ ಮಾನ ಕಳೆದವನನ್ನು ಮನೆಯಿಂದ ಹೊರಗೆ ಹಾಕಿದರು ಎಂದು ನಾನು ತಿಳಿದೆ. ಹಾಗೇ ತಿಳಿದುಕೊಂಡು ಬೆಳೆದೆ. ಮಾಮಾ ಒಳ್ಳೆಯವನು, ಯಾಕೆ ಬಂದಿ ಎಂದು ಒಮ್ಮೆಯೂ ಕೇಳಲಿಲ್ಲ. ತಂತಿ ಸುತ್ತುವುದು ಕಲಿತೆ, ದೊಡ್ಡವನಾದೆ, ಮದುವೆಯಾಗಿ ಇಂಡಿಗೆ ಬಂದು ನನ್ನದೇ ಅಂಗಡಿ ಹಾಕಿದೆ.

ಅಪ್ಪ ತೀರಿಕೊಂಡ. ಊರ ಮನೆಯಲ್ಲಿ ಅಣ್ಣನ ಸಂಸಾರ, ಅವ್ವ ಅವರ ಜೊತೆಗೆ. ಅಣ್ಣ ಮಠದ ಭಕ್ತ, ಅಂಥಿಂಥ ಭಕ್ತನಲ್ಲ, ಕಮಿಟಿಯ ಮೆಂಬರು. ಆ ಪರಾತವನ್ನು ನಮ್ಮವರು ಮತ್ತೆ ಯಾವ ಕೆಲಸಕ್ಕೂ ಬಳಸಲಿಲ್ಲ. ಕೆಂಪು ಬಟ್ಟೆ ಸುತ್ತಿ ದೇವರ ಜಗಲಿಯ ಮೇಲಿನ ಹಲಗೆಯಲ್ಲಿ ಇಟ್ಟಿದ್ದರು. ಅಜ್ಜಾರು ಊರಿಗೆ ಬಂದಾಗ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊರಗೆ ತೆಗೆಯುವುದು, ಪೂಜೆಯಾದ ಮೇಲೆ ಮತ್ತೆ ಮೇಲಿಡುವುದು. ವರ್ಷಕ್ಕೆ ಒಂದೆರಡು ಸಲ ನಾನು ಅವ್ವನನ್ನು ನೋಡಲು ಹೋದಾಗ ಆ ಕೆಂಪು ಗಂಟು ನನ್ನನ್ನೇ ನೋಡುತ್ತಿತ್ತು. ಅವ್ವ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಡುವಳು, ತೊಳೆದುಕೊಳ್ಳುತ್ತಿದ್ದೆ. ಆಮೇಲೆ ಕುಡಿಯಲು ತಂಬಿಗೆ ತರುವಳು. ನಾನು ಬಾಟಲಿ ತೋರಿಸುತ್ತಿದ್ದೆ.

"ನಮ್ಮ ಬಾವಿ ನೀರು ಸಾಹೇಬ್ರಿಗೆ ಸೇರೂದಿಲ್ಲ" ಎಂದು ಅಣ್ಣ ನಗುತ್ತಿದ್ದ. ಅವ್ವ ತಂಬಿಗೆಯನ್ನು ಒಳಗೆ ಒಯ್ಯುತ್ತಿದ್ದಳು.

ಹೀಗೇ ಮುಗಿದುಹೋಗುತ್ತಿತ್ತು. ಒಂದು ದಿನ ಅಂಗಡಿಗೆ ಒಬ್ಬ ಬಂದ. ಗಡ್ಡ ಬಿಟ್ಟಿದ್ದ, ಮೂವತ್ತರ ಹತ್ತಿರದವನು, ಮುದ್ದೇಬಿಹಾಳದಲ್ಲಿ ಸಾಲಿ ಮಾಸ್ತರ. ಮೋಟಾರು ತಂದಿರಲಿಲ್ಲ. ಗಿರಾಕಿಗಳು ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದು ಆಮೇಲೆ ಕೇಳಿದ.

"ನೀವೂ ಆ ಮಠದ ಹಾಸ್ಟೆಲ್ಲಿನಾಗ ಇದ್ರಂತಲ್ರಿ?"

ಅವನ ಕಣ್ಣು ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು. ಅವನು ಮತ್ತು ಅವನ ಗೆಳೆಯ ಪೊಲೀಸರಿಗೆ ದೂರು ಕೊಟ್ಟಾಗಿತ್ತು. ಅವರು ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ನನ್ನ ನಂತರವೂ ಅದು ನಡೆದಿತ್ತು, ನಡೆಯುತ್ತಲೇ ಇತ್ತು. ಊರಿನ ಎದುರು ನಾನು ಕುಡಿದ ಆ ನೀರೇ ಅದಕ್ಕೆ ಪರವಾನಗಿ ಕೊಟ್ಟಿತ್ತು. ಒಬ್ಬ ಹುಡುಗ ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಮಠದ ಎಲ್ಲ ಹುಡುಗರಿಗೂ ಅಡಿಗೆಯವರು ನನ್ನ ಕಥೆ ಹೇಳುತ್ತಿದ್ದರಂತೆ. ನಾನು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದೆ, ನಡೀರಿ ಎಂದೆ.

ನಮ್ಮ ಪರವಾಗಿ ಕೇಸು ನಡೆಸಿದ ಸರಕಾರಿ ವಕೀಲೆ ಚುರುಕಾದ ಹೆಣ್ಣುಮಗಳು. ಹಳೆಯದಾದರೂ ಕೇಸು ನಿಲ್ಲುತ್ತದೆ, ಆದರೆ ಆ ಕಡೆಯ ವಕೀಲರು ಒಂದೇ ಪ್ರಶ್ನೆ ಹಾಕುತ್ತಾರೆ ಎಂದರು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ, ಆಗ ಯಾರಿಗಾದರೂ ಹೇಳಿದ್ದಿರಾ. ನಾನು ನಕ್ಕುಬಿಟ್ಟೆ. ಯಾರಿಗಾದರೂ ಅಂದರೆ ಏನು, ಊರಿಗೇ ಗೊತ್ತಿತ್ತು ಎಂದು ಪಾದಪೂಜೆಯ ಕಥೆ ಹೇಳಿದೆ. ವಕೀಲೆ ಪೆನ್ನು ಕೆಳಗಿಟ್ಟರು.

"ಅಂದರೆ ನೀವು ಹನ್ನೊಂದನೆಯ ವಯಸ್ಸಿನಲ್ಲೇ ಹೇಳಿದ್ದಿರಿ. ಹೇಳಿದ್ದಕ್ಕೇ ಆ ಪೂಜೆ ಆಯಿತು. ಯಾಕಾಯಿತು ಎಂದು ಊರಿನ ಒಬ್ಬರು ಬಂದು ಹೇಳಿದರೂ ಸಾಕು. ನೀವು ಈಗ ಕಟ್ಟಿದ ಕಥೆ ಎನ್ನಲು ಅವರಿಗೆ ಬಾಯಿ ಇರುವುದಿಲ್ಲ."

ನನಗೆ ಅಂದು ಬಹಳ ದಿನಗಳ ಮೇಲೆ ಸಂತೋಷವಾಯಿತು. ನನ್ನ ಬಾಯಿ ಮುಚ್ಚಿಸಲು ಮಾಡಿದ ಪೂಜೆಯೇ ಅವರ ಕೊರಳಿಗೆ ಬಂತು ಎಂದುಕೊಂಡು ಊರಿಗೆ ಹೋದೆ. ಮನೆ ಮನೆ ತಿರುಗಿದೆ. ನಮ್ಮೂರ ಜನರ ನೆನಪಿನ ಶಕ್ತಿಯನ್ನು ಹೊಗಳಿದಷ್ಟೂ ಕಡಿಮೆ.

"ಹೌದು ತಮ್ಮಾ, ನಿಮ್ಮ ಮನ್ಯಾಗ ಪಾದಪೂಜಿ ಆಗಿತ್ತು. ಹೋಳಿಗಿ ಬಾಳ ಚೊಲೊ ಆಗಿದ್ವು" ಎಂದ ಒಬ್ಬ.

"ತುಪ್ಪ ಮನೀದಽ ಇತ್ತಲ್ಲ, ನಿಮ್ಮ ಎಮ್ಮೀದು" ಎಂದ ಇನ್ನೊಬ್ಬ.

ಯಾಕೆ ಆಗಿತ್ತು ಪೂಜೆ ಎಂದರೆ ಮಾತ್ರ ಯಾರಿಗೂ ನೆನಪಿಲ್ಲ. ಅಂದು ಎದ್ದು ನಿಂತು ಸಾರಿದ ಹಿರಿಯರು ಇನ್ನೂ ಇದ್ದರು, ಕಿವಿ ನೆಟ್ಟಗಿತ್ತು. ನಾನು ಕೇಳಿದ್ದಕ್ಕೆ ಗೋಡೆಯ ಕಡೆ ತಿರುಗಿ, "ಏನೋ ಹರಕಿ ಇತ್ತು ಕಾಣಸ್ತೈತಿ" ಎಂದರು. ತಿಂದದ್ದು ಇಷ್ಟು ವರ್ಷ ನಾಲಿಗೆಯ ಮೇಲೆ ಉಳಿಯುತ್ತದೆ, ಆಡಿದ್ದು ಉಳಿಯುವುದಿಲ್ಲ. ನಾನು ಅವರ ಕಟ್ಟೆಯ ಮೇಲೇ ಕೂತು ಎಲ್ಲರಿಗೂ ಕೇಳುವ ಹಾಗೆ ಬೈದೆ. ಅದರಿಂದ ಏನೂ ಆಗಲಿಲ್ಲ.

ಆ ನಡುವೆ ಅಂಗಡಿಗೆ ಹಿರಿಯರ ಒಂದು ಗುಂಪು ಬಂತು. ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ವಿಭೂತಿ. ರಾಜಿ ಮಾಡಲು ಬಂದಿದ್ದರು. ಅವರಲ್ಲಿ ಮುಂದಾಳು ದನಿ ತಗ್ಗಿಸಿ, ದೊಡ್ಡ ಬಹುಮಾನ ಕೊಡುವವನ ಹಾಗೆ ಹೇಳಿದ.

"ನೋಡ್ರಿ, ನಿಮಗ ನೋವಾಗೈತಿ. ಅಜ್ಜಾರಿಗೂ ನೋವಾಗೈತಿ. ಅವರು ಇಲ್ಲೀತನಕ ಇಂಡಿ ಊರಾಗ ಯಾರ ಮನಿಗೂ ಹೋದವರಲ್ಲ. ನಿಮ್ಮ ಮನಿಗೆ ತಾವಽ ಬರ್ತಾರ. ಪಾದಪೂಜಿ ಮಾಡಿಸ್ಕೊಳ್ಳಾಕ ಒಪ್ಯಾರ."

ಅವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ. ಮನಸ್ಸಿನಿಂದಲೇ ಹೇಳುತ್ತಿದ್ದ. ಮನುಷ್ಯನೊಬ್ಬನ ಗಾಯಕ್ಕೆ ಕೊಡಬಹುದಾದ ಎಲ್ಲಕ್ಕಿಂತ ದೊಡ್ಡ ಮದ್ದು ಅದೇ ಎಂದು ಅವನು ನಂಬಿದ್ದ. ನನ್ನ ಹೆಂಡತಿ ಅಂಗಡಿಯ ಹಿಂದಿನ ಮನೆಯಿಂದ ಬಂದು, ಅವರಿಗೆಂದು ಮಾಡಿದ್ದ ಚಹಾವನ್ನು ಅವರ ಎದುರಿಗೇ ಮೋರಿಗೆ ಚೆಲ್ಲಿದಳು. ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಹೋದರು.

ಒಳ್ಳೆಯ ಸ್ವಾಮಿಗಳಿಲ್ಲವೇ ಎಂದು ನನ್ನನ್ನು ಬಹಳ ಜನ ಕೇಳಿದ್ದಾರೆ. ಇದ್ದಾರೆ, ಯಾಕಿಲ್ಲ. ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರಿದ್ದಾರೆ. ಆದರೆ ಈ ಪ್ರಶ್ನೆಯನ್ನು ಅವರ ಮರ್ಯಾದೆ ಕಾಯಲು ಕೇಳುವುದಲ್ಲ, ನನ್ನ ಬಾಯಿ ಮುಚ್ಚಿಸಲು ಕೇಳುವುದು. ಒಳ್ಳೆಯವರೊಬ್ಬರು ಎದ್ದು ನಮ್ಮ ಪರವಾಗಿ ಒಂದು ಮಾತು ಆಡಿದ್ದರೆ ನಾನೇ ಅವರ ಕಾಲು ಮುಟ್ಟುತ್ತಿದ್ದೆ.

ಇನ್ನು ಉಳಿದವಳು ಅವ್ವ. ಅವಳು ಹೇಳಿದರೆ ಉಂಟು, ಇಲ್ಲದಿದ್ದರೆ ನಾನು ಸುಳ್ಳುಗಾರ. ಊರಿಗೆ ಹೋಗಿ ಅವಳ ಎದುರು ಕೂತೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೋರ್ಟಿಗೆ ಬರಬೇಕು, ಅಂದು ಏನಾಯಿತು ಎಂದು ಹೇಳಬೇಕು ಎಂದೆ. ಅವಳು ಕಲ್ಲು ಆರಿಸುತ್ತಲೇ ಇದ್ದಳು.

"ಅವ್ವ ಎಲ್ಲಿಗೂ ಬರೂದಿಲ್ಲ. ಗುರುವಿನ ವಿರುದ್ಧ ನಿಂತು ನರಕಕ್ಕ ಹೋಗಂತಿಯೇನು ಆಕಿಗಿ?" ಎಂದು ಅಣ್ಣ ಒಳಗಿನಿಂದಲೇ ಕೂಗಿದ.

"ನೀ ಹೇಳವ್ವ. ಬರ್ತೀಯೋ ಇಲ್ಲೋ" ಎಂದೆ.

ಅವಳು ಮೊರ ಝಾಡಿಸಿ ಎದ್ದು ಒಳಗೆ ಹೋದಳು. ನಾನು ಬಾಟಲಿ ತೆಗೆದುಕೊಂಡು ಬಸ್ಸು ಹತ್ತಿದೆ. ಇಂಡಿಗೆ ಬರುವ ತನಕ ಅವಳನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಅಂದೂ ನಂಬಲಿಲ್ಲ, ಇಂದೂ ನಂಬುವುದಿಲ್ಲ, ಇವಳಿಗೆ ನಾನು ಹೆರವನು ಎಂದು.

ಕೋರ್ಟಿನಿಂದ ಅವಳಿಗೆ ಸಮನ್ಸು ಹೋಯಿತು. ನನ್ನ ಸಾಕ್ಷಿ ಅದಕ್ಕೂ ಮೊದಲೇ ಮುಗಿದಿತ್ತು, ಹಾಗಾಗಿ ಅವಳ ಸರದಿಯ ದಿನ ನಾನು ಒಳಗೆ ಕೂರಬಹುದಿತ್ತು. ಅವಳು ಅಣ್ಣನ ಜೊತೆ ಬಂದಳು. ಬಂದವಳು ಮಠದವರು ಕೂತ ಬೆಂಚಿನ ಕಡೆಗೇ ಹೋಗಿ ಕೂತಳು. ತಲೆಯ ತುಂಬ ಸೆರಗು, ಹಣೆಗೆ ವಿಭೂತಿ. ಸ್ವಾಮಿ ಎದುರಿಗಿದ್ದರು, ಕೂದಲು ಹಣ್ಣಾಗಿತ್ತು, ಈಗ ನಿಜವಾಗಿಯೂ ಅಜ್ಜಾರ ಹಾಗೆ ಕಾಣುತ್ತಿದ್ದರು. ಅವ್ವ ಕೂತಲ್ಲಿಂದಲೇ ಅವರಿಗೆ ಕೈ ಮುಗಿದಳು. ಅಣ್ಣ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಕೇಸು ಹೋಯಿತು ಎಂದುಕೊಂಡೆ.

ನಮ್ಮ ವಕೀಲೆ ಕೇಳಿದ್ದಕ್ಕೆಲ್ಲ ಅವಳು ಸಣ್ಣ ದನಿಯಲ್ಲಿ ಉತ್ತರ ಕೊಟ್ಟಳು. ಹೌದ್ರಿ, ಮಗ ಸೂಟಿಗೆ ಬಂದಿದ್ದ. ಹೌದ್ರಿ, ಅಜ್ಜಾರ ವಿಷಯ ಹೇಳಿದ. ಏನು ಹೇಳಿದ ಎಂದರೆ, ಅದನ್ನೂ ಹೇಳಿದಳು. ನಾನು ಹನ್ನೊಂದನೆಯ ವಯಸ್ಸಿನಲ್ಲಿ ತಡವರಿಸಿ ಆಡಿದ ಮಾತುಗಳೇ, ಅದೇ ಕ್ರಮದಲ್ಲಿ. ನಾನೇ ಮರೆತಿದ್ದ ಒಂದು ಮಾತೂ ಅದರಲ್ಲಿತ್ತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ.

ಆ ಕಡೆಯ ವಕೀಲರು ಎದ್ದರು. ಪಳಗಿದ ಮನುಷ್ಯ, ಮುದುಕಿಯನ್ನು ಮಾತಿನಲ್ಲೇ ಸವರಿ ಹಾಕುತ್ತೇನೆ ಎಂಬ ಹುರುಪಿತ್ತು.

"ನಿಮ್ಮ ಮಗ ಹೇಳಿದ ಮೇಲೆ ನೀವು ಸ್ವಾಮಿಗಳಿಗೆ ಪಾದಪೂಜೆ ಮಾಡಿದಿರಿ. ಅಂದರೆ ಮಗ ಹೇಳಿದ್ದು ಸುಳ್ಳು ಎಂದು ನಿಮಗೆ ಆಗಲೇ ಗೊತ್ತಿತ್ತು. ಹೌದಲ್ಲ ಅಮ್ಮಾ?"

ಅವ್ವ ಸೆರಗು ಸರಿಮಾಡಿಕೊಂಡಳು.

"ಇಲ್ರಿ. ಸುಳ್ಳಾಗಿದ್ರ ಮಗಗ ಎರಡು ಏಟು ಕೊಟ್ಟು ಬಿಡತಿದ್ವಿ. ಅಷ್ಟಕ್ಕ ಯಾರು ಹೋಳಿಗಿ ಮಾಡಿ ಊರ ಕರೀತಾರ್ರಿ? ಖರೇ ಅಂತ ಗೊತ್ತಾತು. ನನಗೂ ಗೊತ್ತಾತು, ಅವರಪ್ಪಗೂ ಗೊತ್ತಾತು. ಅದಕ್ಕಽ ಹೆದರಿದ್ವಿ. ಗುರು ಬ್ಯಾಡಂದ ಮನಿಗೆ ಯಾರು ಹೆಣ್ಣು ಕೊಡತಾರ, ಸತ್ರ ಹೆಣಾ ಎತ್ತಾಕ ಯಾರು ಬರತಾರ? ಹೆದರಿದವ್ರು ಕಾಲು ಹಿಡೀತಾರ್ರಿ. ನಾವು ಹಿಡದ್ವಿ."

ಸ್ವಾಮಿ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು. ಮುದುಕಿ ಇನ್ನೂ ಮುಗಿಸಿರಲಿಲ್ಲ.

"ಆ ನೀರು ನನ್ನ ಕೈಯಾರ ಮಗಗ ಕುಡಿಸೀನ್ರಿ. ಅದನ್ನೂ ಬರಕೊಳ್ರಿ."

ನಾವು ಗೆದ್ದೆವು ಎಂದು ಮಾಸ್ತರ ನನ್ನ ಭುಜ ಒತ್ತಿದ. ನನಗೆ ಗೆದ್ದ ಹಾಗೆ ಅನಿಸಲಿಲ್ಲ. ಎದ್ದು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತೆ. ಮನೆಯವರು ನನ್ನನ್ನು ನಂಬಲಿಲ್ಲ ಎಂಬುದರ ಮೇಲೆ ನನ್ನ ಬದುಕು ನಿಂತಿತ್ತು. ನಂಬದವರನ್ನು ಹೇಗೋ ಸಹಿಸಬಹುದು. ಪಾಪ, ತಿಳಿಯಲಿಲ್ಲ ಎನ್ನಬಹುದು. ನಂಬಿಯೂ ಕುಡಿಸಿದವರನ್ನು ಏನು ಮಾಡಬೇಕು. ಇದಕ್ಕೆ ಯಾವ ಕೋರ್ಟೂ ಇಲ್ಲ.

ಅವ್ವ ತಾನೇ ನಡೆದು ಬಂದು ನನ್ನ ಎದುರು ನಿಂತಳು. ಅಣ್ಣ ಅವಳನ್ನು ಬಿಟ್ಟು ಆಗಲೇ ಮಠದವರ ಜೀಪು ಹತ್ತಿ ಹೋಗಿದ್ದ.

"ನಂಬಿದ್ದಿ?" ಎಂದೆ.

"ಹೂಂ."

"ನಂಬಿ ನನ್ನ ಕೈಯಾಗ ಕೊಟ್ಟಿ."

"ಕೊಟ್ಟೆ."

"ಆಮ್ಯಾಲ ಮನಿ ಬಿಡಿಸಿ ಸಿಂದಗಿಗಿ ಓಡಿಸಿದಿ. ಸಾಲಿ ಬಿಡಿಸಿದಿ. ನಾ ಏನ್ ಮಾಡಿದ್ದೆ ನಿನಗ?"

ಅವಳು ನನ್ನನ್ನು, ಇವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನೋಡಿದಳು.

"ಮತ್ತ ಆ ಮಠಕ್ಕ ಹೆಂಗ ಕಳಸಲಿ? ನಿಮ್ಮಪ್ಪ ಟ್ರಂಕು ಕಟ್ಟು ಅಂದ. ಕಟ್ಟಿದೆ. ಬಸ್ಸು ಬ್ಯಾರೆ ಹತ್ತಿಸಿದೆ. ತಿರುಗಿ ಹೋದ ಮ್ಯಾಲ ನಿಮ್ಮಪ್ಪ ನನ್ನ ಹೊಡದ. ಆಮ್ಯಾಲ ಸುಮ್ನಾದ."

ಒಂದೇ ಒಂದು ಮಾತು. ಸಿಂದಗಿಯ ಆ ಅಂಗಡಿಯಲ್ಲಿ ನನ್ನನ್ನು ಬಿಟ್ಟು ಹೋಗುವಾಗ, ನೀ ಹೇಳಿದ್ದು ಖರೆ ಐತಿ ಮಗನ ಎಂದು ಒಂದು ಮಾತು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು. ಆ ಒಂದು ಮಾತಿಲ್ಲದೆ ನಾನು ತಲೆ ನೆರೆಸಿಕೊಂಡೆ. ಹಾಗೆಂದು ಅವಳಿಗೆ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ, ಕೋರ್ಟಿನ ಅಂಗಳದಲ್ಲಿ ಜನ ತಿರುಗಿ ನೋಡಿದರು. ಅವಳು ತಡೆಯಲಿಲ್ಲ, ಅಳಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಎಂದಿದ್ದರೆ ನಾನು ಇನ್ನಷ್ಟು ಕೂಗುತ್ತಿದ್ದೆ. ನನ್ನ ಕೂಗು ಮುಗಿದ ಮೇಲೆ, ಬಸ್ಸಿಗೆ ಹತ್ತಸು ನಡಿ ಎಂದಳು. ಹತ್ತಿಸಿದೆ.

ತಿಂಗಳುಗಳ ಮೇಲೆ ತೀರ್ಪು ಬಂತು. ಅಪರಾಧಿ ಎಂದಿತು ಕೋರ್ಟು, ಜೈಲು ಎಂದಿತು. ತೀರ್ಪಿನಲ್ಲಿ ಅವ್ವನ ಮಾತಿಗೆ ದೊಡ್ಡ ತೂಕ ಕೊಟ್ಟಿದ್ದಾರೆ ಎಂದು ವಕೀಲೆ ಫೋನು ಮಾಡಿ ಹೇಳಿದರು. ಮೇಲಿನ ಕೋರ್ಟಿಗೆ ಅಪೀಲು ಹೋಗಿದೆ, ಅದು ಎಂದು ಮುಗಿಯುತ್ತದೋ ಗೊತ್ತಿಲ್ಲ. ಮಾಸ್ತರ ತೀರ್ಪಿನ ದಿನ ಅತ್ತ. ನಾನು ಅಂದು ಅಂಗಡಿ ತೆಗೆದು ಒಂದು ಮೋಟಾರು ಸುತ್ತಿ ಮುಗಿಸಿದೆ, ಕೈ ಸುಮ್ಮನಿದ್ದರೆ ನನಗೆ ಆಗುವುದಿಲ್ಲ.

ಇನ್ನು ಮಠದ ಸುದ್ದಿ. ಭಕ್ತರು ಬಹಳ ಯೋಚನೆ ಮಾಡಿ ಒಂದು ಉಪಾಯ ಕಂಡುಹಿಡಿದಿದ್ದಾರೆ. ಅಜ್ಜಾರು ಜೈಲಿನಲ್ಲಿದ್ದಾರೆ, ಆದರೆ ಅವರ ಹಾವಿಗೆಗಳು, ಅಂದರೆ ಪಾದುಕೆಗಳು, ಇಲ್ಲೇ ಇವೆ. ಪೀಠದ ಮೇಲೆ ಆ ಕಟ್ಟಿಗೆಯ ಹಾವಿಗೆಗಳನ್ನಿಟ್ಟು, ತೊಳೆದು, ಆ ನೀರು ಕುಡಿಯುತ್ತಾರೆ. ಅಣ್ಣ ಅಲ್ಲಿಗೆ ತಪ್ಪದೆ ಹೋಗುತ್ತಾನೆ. ನ್ಯಾಯ ಸಿಕ್ಕಿತಲ್ಲ, ಈಗ ಸಮಾಧಾನವೇ ಎಂದು ನನ್ನನ್ನು ಕೇಳುವವರಿಗೆ ಇದನ್ನೇ ಹೇಳುತ್ತೇನೆ. ಕೋರ್ಟಿಗೆ ಒಬ್ಬನನ್ನು ಒಳಗೆ ಹಾಕಲು ಬರುತ್ತದೆ. ಉಳಿದವರ ಬಾಯಾರಿಕೆಗೆ ಅದು ಏನು ಮಾಡೀತು.

ತೀರ್ಪಾದ ಮೇಲೆ ಊರಿಗೆ ಹೋಗುವ ಮನಸ್ಸಿರಲಿಲ್ಲ. ಹೆಂಡತಿಯೇ ದೂಡಿ ಕಳಿಸಿದಳು, ಮುದುಕಿಗೆ ನೀ ಬಿಟ್ಟು ಇನ್ಯಾರದಾರ ಎಂದು. ಹೋದಾಗ ಇನ್ನೂ ಮುಂಜಾನೆಯ ಬಿಸಿಲಿತ್ತು. ಅಣ್ಣ ಕಟ್ಟೆಯ ಮೇಲೆ ಕೂತಿದ್ದ, ನನ್ನನ್ನು ನೋಡಿ ಆ ಕಡೆ ತಿರುಗಿದ. ನಾನೂ ಮಾತಾಡಿಸಲಿಲ್ಲ. ಅವ್ವ ಎಂದಿನಂತೆ ಕಾಲಿಗೆ ನೀರು ಕೊಟ್ಟಳು. ತೊಳೆದುಕೊಂಡು ಒಳಗೆ ಬಂದೆ. ಜಗಲಿಯ ಮೇಲಿನ ಹಲಗೆ ನೋಡಿದೆ, ನೋಡದೆ ಇರಲು ನನ್ನಿಂದ ಎಂದೂ ಆಗಿಲ್ಲ. ಕೆಂಪು ಬಟ್ಟೆ ಮಡಿಚಿ ಇಟ್ಟಿತ್ತು, ಒಳಗೆ ಏನೂ ಇರಲಿಲ್ಲ.

ಹಿತ್ತಲಿನಿಂದ ಸದ್ದು ಬಂದು ಆ ಕಡೆ ಹೋದೆ. ಎಮ್ಮೆಯ ಎದುರು ಪರಾತ ಇತ್ತು. ಅದರಲ್ಲಿ ಅವ್ವ ಹತ್ತಿಕಾಳಿನ ಹಿಂಡಿ ಮುರಿದು ಹಾಕಿದ್ದಳು. ಅಣ್ಣ ನನ್ನ ಬೆನ್ನ ಹಿಂದೆಯೇ ಬಂದಿದ್ದ.

"ಯವ್ವಾ, ತಲಿಗಿಲಿ ಕೆಟ್ಟೈತೇನು ನಿನಗ? ಅಜ್ಜಾರ ಪಾದ ತೊಳದದ್ದು ಅದು."

"ಗೊತ್ತೈತಿ. ಅದಕ್ಕಽ ಮೂರು ಸಲ ಬೂದಿ ಹಚ್ಚಿ ತಿಕ್ಕೀನಿ. ಎಮ್ಮಿ ಅದು, ಹೊಲಸಿನ್ಯಾಗ ಬಾಯಿ ಇಡೂದಿಲ್ಲ" ಎಂದಳು.

ಅಣ್ಣ ದಡದಡ ಹೊರಗೆ ಹೋದ. ನನಗೆ ನಗು ಬಂತು. ಆ ಮನೆಯಲ್ಲಿ ನಾನು ನಕ್ಕದ್ದು ನನಗೇ ಹೊಸದು. ಅವ್ವ ನಗಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ ತಂಬಿಗೆ ತುಂಬಿ ತಂದಳು. ನೆಲದ ಮೇಲೆ ಇಡಲಿಲ್ಲ, ನನ್ನ ಮುಂದೆ ಹಿಡಿದು ನಿಂತಳು. ಬಾಟಲಿ ನನ್ನ ಬಗಲಲ್ಲೇ ಇತ್ತು. ಈ ಸಲ ಅವಳು ತಂಬಿಗೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ತೆಗೆದುಕೊಂಡೆ. ನಮ್ಮ ಬಾವಿಯ ನೀರು ಸವಳು, ಮೊದಲಿನಿಂದಲೂ ಸವಳು. ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು. ಅರ್ಧದ ತನಕ ಕುಡಿದೆ. ಅಲ್ಲಿಗೆ ಗಂಟಲು ಮುಚ್ಚಿಕೊಂಡಿತು, ಮುಂದೆ ಆಗಲಿಲ್ಲ.

"ಸಾಕು?" ಎಂದಳು.

"ಇವತ್ತಿಗೆ ಸಾಕು."

ಅವ್ವ ತಂಬಿಗೆ ಇಸಿದುಕೊಂಡು, ಉಳಿದ ನೀರನ್ನು ಪರಾತಕ್ಕೆ ಸುರಿದು ಎಮ್ಮೆಗೆ ಹಿಂಡಿ ಕಲಸಿದಳು.